ತೂಗುದೀಪವನ್ನು ಹಿಡಿದಿರುವುದು ಯಾವುದು?

ಗುಡಿಯ ನವರಂಗದಲ್ಲಿ ಎರಡು ಸರಪಳಿಗಳಿಂದ ತೊಲೆಗೆ ಕಟ್ಟಿದ ತೂಗುದೀಪವೊಂದು ಅಲುಗಾಡದೆ ನಿಂತಿದ್ದರೆ, ಅದರ ಮೇಲೆ ಮೂರು ಬಲಗಳು ಕೆಲಸ ಮಾಡುತ್ತಿವೆ ಎಂದು ಭೌತವಿಜ್ಞಾನ ಹೇಳುತ್ತದೆ. ದೀಪದ ತೂಕ ನೇರ ಕೆಳಕ್ಕೆ ಎಳೆಯುತ್ತದೆ. ಎರಡು ಸರಪಳಿಗಳ ಬಿಗಿತ ಆಯಾ ಸರಪಳಿಯ ಗುಂಟ ಓರೆಯಾಗಿ ಮೇಲಕ್ಕೆ ಎಳೆಯುತ್ತದೆ. ಮೂರೂ ಕೂಡಿ ಸೊನ್ನೆಯಾಗುವುದರಿಂದ ದೀಪ ನಿಂತಲ್ಲೇ ನಿಂತಿದೆ. ಬಾಣಗಳನ್ನು ಬರೆದು, ಸೈನ್ ಕೊಸೈನ್‌ಗಳ ನೆರವಿನಿಂದ ಪ್ರತಿ ಬಾಣದ ಉದ್ದವನ್ನು ಕಂಡುಹಿಡಿಯುವುದು ಪಿಯುಸಿ ಮಟ್ಟದ ಲೆಕ್ಕ. ಆದರೆ ಆ ಬಾಣಗಳಲ್ಲಿ ಯಾವುವು ಜಗತ್ತಿನಲ್ಲಿ ಇವೆ, ಯಾವುವು ಕಾಗದದ ಮೇಲೆ ಮಾತ್ರ ಇವೆ ಎಂಬ ಪ್ರಶ್ನೆಯನ್ನು ತತ್ತ್ವಶಾಸ್ತ್ರ ಮುನ್ನೂರು ವರ್ಷಗಳಿಂದ ಬಿಡದೆ ಕೇಳುತ್ತ ಬಂದಿದೆ. ಅದಕ್ಕಿಂತ ಹಳೆಯ ಪ್ರಶ್ನೆಯೊಂದು ಅದರ ಹಿಂದೆಯೇ ಇದೆ. ಬೀಳಬೇಕಾದ ವಸ್ತು ಬೀಳದೆ ಇದ್ದರೆ, ಅದನ್ನು ಹಿಡಿದಿರುವುದು ಯಾವುದು, ಅಥವಾ ಯಾರು?

ಮೊದಲು ಲೆಕ್ಕ. ದೀಪ 10 ಕಿಲೋಗ್ರಾಂ ಇದೆ ಎಂದುಕೊಂಡರೆ ಅದರ ತೂಕ ಸುಮಾರು 98 ನ್ಯೂಟನ್. ಎಡ ಸರಪಳಿ ತೊಲೆಯೊಡನೆ 30 ಡಿಗ್ರಿ ಕೋನವನ್ನೂ ಬಲ ಸರಪಳಿ 60 ಡಿಗ್ರಿ ಕೋನವನ್ನೂ ಮಾಡಿವೆ. ಸರಪಳಿಗಳ ಸ್ವಂತ ತೂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಬಿಗಿತವನ್ನೂ ಅಡ್ಡ ಘಟಕ, ನೆಟ್ಟಗಿನ ಘಟಕ ಎಂದು ಎರಡಾಗಿ ಬಿಡಿಸಲಾಗುತ್ತದೆ. ದೀಪ ಪಕ್ಕಕ್ಕೆ ಸರಿಯುತ್ತಿಲ್ಲವಾದ್ದರಿಂದ, ಎಡ ಬಿಗಿತವನ್ನು 30 ಡಿಗ್ರಿಯ ಕೊಸೈನ್‌ನಿಂದ ಗುಣಿಸಿದರೆ ಬರುವುದೂ ಬಲ ಬಿಗಿತವನ್ನು 60 ಡಿಗ್ರಿಯ ಕೊಸೈನ್‌ನಿಂದ ಗುಣಿಸಿದರೆ ಬರುವುದೂ ಒಂದೇ ಆಗಿರಬೇಕು. ಮೇಲೆ ಕೆಳಗೆ ಚಲಿಸುತ್ತಿಲ್ಲವಾದ್ದರಿಂದ, ಅದೇ ಕೋನಗಳ ಸೈನ್‌ಗಳಿಂದ ಗುಣಿಸಿ ಬಂದ ಎರಡು ಮೊತ್ತಗಳು ಕೂಡಿ 98 ಆಗಬೇಕು. ಎರಡು ಸಮೀಕರಣಗಳನ್ನು ಬಿಡಿಸಿದರೆ ಎಡ ಸರಪಳಿಯಲ್ಲಿ 49 ನ್ಯೂಟನ್, ಬಲ ಸರಪಳಿಯಲ್ಲಿ ಸುಮಾರು 84.9 ನ್ಯೂಟನ್ ಬಿಗಿತ ಸಿಗುತ್ತದೆ. ಎರಡನ್ನೂ ಕೂಡಿಸಿದರೆ 133.9. ದೀಪದ ತೂಕ 98 ಮಾತ್ರ. ಸರಪಳಿಗಳು ಹೊತ್ತ ತೂಕಕ್ಕಿಂತ ಹೆಚ್ಚು ಎಳೆಯುತ್ತಿವೆ. ಹೆಚ್ಚಿನ ಎಳೆತ ಒಂದು ಇನ್ನೊಂದನ್ನು ಪಕ್ಕಕ್ಕೆ ಜಗ್ಗುವುದರಲ್ಲಿ ಖರ್ಚಾಗುತ್ತಿದೆ.

ಇದೇ ಉತ್ತರವನ್ನು ಇನ್ನೂ ಚುರುಕಾಗಿ ಕೊಡುವ ಸೂತ್ರವೊಂದಿದೆ. ಒಂದೇ ಬಿಂದುವಿನಲ್ಲಿ ಸೇರುವ ಮೂರು ಬಲಗಳು ಸಮತೋಲದಲ್ಲಿದ್ದರೆ, ಪ್ರತಿ ಬಲವೂ ಉಳಿದೆರಡರ ನಡುವಿನ ಕೋನದ ಸೈನ್‌ಗೆ ಅನುಪಾತದಲ್ಲಿರುತ್ತದೆ. ಇದನ್ನು ಲಾಮಿಯ ಪ್ರಮೇಯ ಎನ್ನುತ್ತಾರೆ. ಬರ್ನಾರ್ ಲಾಮಿ ಫ್ರಾನ್ಸಿನ ಒರಾಟರಿ ಸಂಘಕ್ಕೆ ಸೇರಿದ ಕ್ಯಾಥೊಲಿಕ್ ಪಾದ್ರಿ. ಅವನು ಇದನ್ನು ಪ್ರಕಟಿಸಿದ್ದು 1687ರಲ್ಲಿ. ನ್ಯೂಟನ್‌ನ 'ಪ್ರಿನ್ಸಿಪಿಯ' ಹೊರಬಂದದ್ದೂ ಅದೇ ವರ್ಷ. ಬಲಗಳ ಸಂಯೋಜನೆಯನ್ನೇ ಯಂತ್ರಶಾಸ್ತ್ರದ ಬುನಾದಿಯಾಗಿ ಇಟ್ಟುಕೊಂಡ ಪಿಯೆರ್ ವಾರಿನ್ಯೋನ ಪುಸ್ತಕ ಬಂದದ್ದೂ ಅದೇ ವರ್ಷ. ಅದಕ್ಕೆ ನೂರು ವರ್ಷ ಮೊದಲೇ, 1586ರಲ್ಲಿ, ಸಿಮೋನ್ ಸ್ಟೆವಿನ್ ಇಳಿಜಾರಿನ ಮೇಲೆ ಹಾಕಿದ ಗುಂಡುಗಳ ಸರದ ಮೂಲಕ ಓರೆ ಎಳೆತಗಳ ಸಮತೋಲವನ್ನು ತೋರಿಸಿದ್ದ.

ಲಾಮಿ ಪಾದ್ರಿಯಾಗಿದ್ದ ಸಂಘದಲ್ಲೇ ನಿಕೊಲಾ ಮಾಲ್‌ಬ್ರಾಂಶ್ ಕೂಡ ಇದ್ದ ಎಂಬುದು ಈ ಚರ್ಚೆಗೆ ಮುಖ್ಯ. 1674-75ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ ಮಾಲ್‌ಬ್ರಾಂಶ್ ಒಂದು ಕಠಿಣ ನಿಲುವನ್ನು ಮುಂದಿಟ್ಟ: ಜಡವಸ್ತುಗಳಿಗೆ ಯಾವ ಶಕ್ತಿಯೂ ಇಲ್ಲ. ಒಂದು ಚೆಂಡು ಇನ್ನೊಂದಕ್ಕೆ ತಗುಲಿದಾಗ ಎರಡನೆಯದನ್ನು ಓಡಿಸುವುದು ಮೊದಲನೆಯ ಚೆಂಡಲ್ಲ, ದೇವರು. ತಗುಲುವಿಕೆ ಅವನ ಕ್ರಿಯೆಗೆ ಒಂದು ನಿಮಿತ್ತ ಮಾತ್ರ. ಈ ಮತದ ಪ್ರಕಾರ ಸರಪಳಿ ದೀಪವನ್ನು ಎಳೆಯುತ್ತಿಲ್ಲ. ಸರಪಳಿ ಇಂಥ ಕೋನದಲ್ಲಿ ಇದೆ ಎಂಬ ನಿಮಿತ್ತದ ಮೇಲೆ ದೇವರು ತಾನು ಹಾಕಿಕೊಂಡ ನಿಯಮದಂತೆ ದೀಪವನ್ನು ನಿಲ್ಲಿಸಿದ್ದಾನೆ. ಲಾಮಿಯ ಪ್ರಮೇಯದಲ್ಲಿ ಇದಕ್ಕೆ ವಿರುದ್ಧವಾದದ್ದು ಒಂದಕ್ಷರವೂ ಇಲ್ಲ. ಪ್ರಮೇಯ ಎಷ್ಟು ಎಂಬುದನ್ನು ಹೇಳುತ್ತದೆ. ಎಳೆಯುವವರು ಯಾರು ಎಂಬುದನ್ನು ಹೇಳುವುದಿಲ್ಲ.

ಜಾರ್ಜ್ ಬರ್ಕ್ಲಿ ಇದೇ ಸಂದನ್ನು 1721ರ 'ಡಿ ಮೋಟು' ಎಂಬ ಲ್ಯಾಟಿನ್ ಪ್ರಬಂಧದಲ್ಲಿ ಅಗಲಿಸಿದ. ಆಮೇಲೆ ಐರ್ಲೆಂಡಿನಲ್ಲಿ ಬಿಷಪ್ ಆದ ಈ ತತ್ತ್ವಜ್ಞಾನಿಗೆ ಆ ಪ್ರಬಂಧದಲ್ಲಿ ನ್ಯೂಟನ್‌ನ ಬಲಗಳ ಲೆಕ್ಕದ ಬಗ್ಗೆ ತಕರಾರು ಇರಲಿಲ್ಲ; ಆ ಲೆಕ್ಕದ ಪದಗಳನ್ನು ವಸ್ತುಗಳೆಂದು ತಿಳಿಯುವುದರ ಬಗ್ಗೆ ಇತ್ತು. ಒಂದು ಬಲವನ್ನು ಸಮಾಂತರ ಚತುರ್ಭುಜದ ಬಾಹುಗಳಾಗಿ ಬಿಡಿಸುವುದು ಲೆಕ್ಕಕ್ಕೆ ಉಪಯುಕ್ತ, ಆದರೆ ಲೆಕ್ಕಕ್ಕೆ ಉಪಯುಕ್ತವಾಗುವುದು ಬೇರೆ, ವಸ್ತುಗಳ ಸ್ವರೂಪವನ್ನು ತಿಳಿಸುವುದು ಬೇರೆ ಎಂಬುದು ಅವನ ವಾದ. ಡೇವಿಡ್ ಹ್ಯೂಮ್ 1748ರಲ್ಲಿ ದೇವರನ್ನೂ ಪಕ್ಕಕ್ಕಿಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋದ. ಕಾರಣವನ್ನೂ ಕಾರ್ಯವನ್ನೂ ಬೆಸೆಯುವ ಶಕ್ತಿ ಎಂಬುದು ಯಾವ ಇಂದ್ರಿಯಕ್ಕೂ ಸಿಗುವುದಿಲ್ಲ, ಒಂದರ ಬೆನ್ನಿಗೆ ಇನ್ನೊಂದು ಬರುವುದಷ್ಟೇ ಸಿಗುತ್ತದೆ ಎಂದ.

ಬರ್ಕ್ಲಿಯ ವಾದದಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ. ಅವುಗಳನ್ನು ಬೇರ್ಪಡಿಸದೆ ಮುಂದೆ ಹೋದರೆ ಚರ್ಚೆ ಗೋಜಲಾಗುತ್ತದೆ. ಒಂದು, ಬಲ ಸರಪಳಿಯ 84.9 ನ್ಯೂಟನ್ ಬಿಗಿತವನ್ನು ಅಡ್ಡಕ್ಕೆ 42.4, ನೆಟ್ಟಗೆ 73.5 ಎಂದು ಬಿಡಿಸುವುದು. ಇನ್ನೊಂದು, ದೀಪದ ಮೇಲಿನ ಒಟ್ಟು ಪರಿಣಾಮವನ್ನು ತೂಕ, ಎಡ ಬಿಗಿತ, ಬಲ ಬಿಗಿತ ಎಂದು ಮೂರಾಗಿ ಎಣಿಸುವುದು. ಚಿತ್ರದಲ್ಲಿ ಎರಡೂ ಬಾಣಗಳೇ. ಆದರೆ ಮೊದಲನೆಯ ವಿಭಜನೆ ಅಕ್ಷಗಳನ್ನು ಆರಿಸಿಕೊಂಡವರ ಕೈಯಲ್ಲಿದೆ. ಅಡ್ಡ-ನೆಟ್ಟಗೆ ಎಂಬುದರ ಬದಲು ಅಕ್ಷಗಳನ್ನು ಸರಪಳಿಗಳ ಗುಂಟವೇ ಇಟ್ಟರೆ, ಈ ಉದಾಹರಣೆಯಲ್ಲಿ ಅವು ಪರಸ್ಪರ ಲಂಬವಾಗಿರುವುದರಿಂದ, ಬಿಡಿಸಬೇಕಾದದ್ದು ತೂಕವನ್ನು ಮಾತ್ರ. ಉತ್ತರ ಇನ್ನೂ ಬೇಗ ಸಿಗುತ್ತದೆ. ಒಂದೇ ಬಲವನ್ನು ಬಿಡಿಸುವ ಬಗೆಗಳಿಗೆ ಕೊನೆಯಿಲ್ಲ. ಹೀಗಿರುವಾಗ ಘಟಕಗಳನ್ನು ಬಲದ ಅವಯವಗಳು ಎನ್ನಲಾಗದು. ನೂಲುಗಳು ಸೇರಿ ಬಟ್ಟೆಯಾದಂತೆ ಅಡ್ಡ ಘಟಕವೂ ನೆಟ್ಟಗಿನ ಘಟಕವೂ ಸೇರಿ ಬಿಗಿತವಾಗಿಲ್ಲ.

ಹಾಗೆಂದು ಘಟಕ ಬರೀ ಕಲ್ಪನೆಯೂ ಅಲ್ಲ. ದೀಪವನ್ನು ಅಡ್ಡ ಕಂಬಿಯೊಂದರ ಮೇಲೆ ಜಾರುವ ಬಳೆಗೆ ಸಿಕ್ಕಿಸಿ ಒಂದೇ ಸರಪಳಿಯಿಂದ ಓರೆಯಾಗಿ ಎಳೆದರೆ, ಅದು ಅಡ್ಡ ಘಟಕ ಎಷ್ಟಿದೆಯೋ ಅಷ್ಟೇ ಬಲಕ್ಕೆ ತಕ್ಕಂತೆ ಜಾರುತ್ತದೆ. ಆ ದಿಕ್ಕಿನಲ್ಲಿ ಈ ಬಿಗಿತ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ಬಿಗಿತದ ಬಗ್ಗೆಯೇ ಇರುವ ಸತ್ಯ, ನೋಡುವವರ ಇಷ್ಟವಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಬೇರೊಂದು ಸಂದರ್ಭದಲ್ಲಿ ರೂಪಿಸಿದ 'ವಿಶೇಷ' ಎಂಬ ಪರಿಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ದೇವರಿಗೂ ಅವನ ಗುಣಗಳಿಗೂ ಭೇದವಿಲ್ಲ. ಆದರೂ ಜ್ಞಾನ, ಆನಂದ ಎಂದು ಬೇರೆ ಬೇರೆ ಹೆಸರಿಟ್ಟು ಹೇಳುವುದು ಸುಳ್ಳಲ್ಲ, ಏಕೆಂದರೆ ಭೇದವಿಲ್ಲದ ಕಡೆಯೂ ಭೇದದ ವ್ಯವಹಾರವನ್ನು ನಡೆಸಿಕೊಡುವ 'ವಿಶೇಷ' ವಸ್ತುವಿನಲ್ಲೇ ಇದೆ ಎಂಬುದು ಆ ಮತ. ಬಲಕ್ಕೂ ಅದರ ಘಟಕಗಳಿಗೂ ಇರುವ ಸಂಬಂಧ ಇದಕ್ಕೆ ಬಹಳ ಹತ್ತಿರ. ಮಧ್ವರು ಬಲಗಳ ಬಗ್ಗೆ ಬರೆದಿದ್ದಾರೆ ಎಂಬುದು ಇದರ ಅರ್ಥವಲ್ಲ. ಎರಡು ವಸ್ತುಗಳಲ್ಲದಿದ್ದರೂ ಎರಡು ಸತ್ಯ ಮಾತುಗಳಿಗೆ ಎಡೆಯಿರುವ ಸ್ಥಿತಿಯನ್ನು ಅವರ ಸಂಪ್ರದಾಯ ಎಷ್ಟು ನಿಖರವಾಗಿ ಗುರುತಿಸಿತ್ತೆಂದರೆ, ಅದು ಈ ಪ್ರಶ್ನೆಗೂ ಸಲ್ಲುತ್ತದೆ.

ಎರಡನೆಯ ವಿಭಜನೆ, ಅಂದರೆ ತೂಕ ಮತ್ತು ಎರಡು ಬಿಗಿತಗಳ ಎಣಿಕೆ, ಹೆಚ್ಚು ಗಂಭೀರವಾದ ವಿವಾದಕ್ಕೆ ಒಳಗಾಗಿದೆ. ಜಾನ್ ಸ್ಟೂಅರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ, ಹಲವು ಕಾರಣಗಳು ಕೂಡಿದಾಗ ಪ್ರತಿಯೊಂದರ ಪರಿಣಾಮವೂ ಒಟ್ಟು ಪರಿಣಾಮದೊಳಗೆ ಪೂರ್ತಿಯಾಗಿ ಇರುತ್ತದೆ ಎಂದ. ತತ್ತ್ವಜ್ಞಾನಿ ನ್ಯಾನ್ಸಿ ಕಾರ್ಟ್‌ರೈಟ್ 1983ರಲ್ಲಿ ಇದನ್ನು ಒಪ್ಪಲಿಲ್ಲ. ನಿಂತ ವಸ್ತು ಎಡಕ್ಕೂ ಹೋಗಿಲ್ಲ, ಬಲಕ್ಕೂ ಹೋಗಿಲ್ಲ. ಅದು ಎರಡೂ ಕಡೆ ಹೋಗಿದೆ ಎಂದು ಯಾವ ಅರ್ಥದಲ್ಲಿ ಹೇಳುವುದು? ನಡೆಯುವುದು ಫಲಿತ ಪರಿಣಾಮ ಒಂದೇ, ಬಿಡಿ ಬಲಗಳನ್ನು ಕೂಡಿಸುವುದು ಲೆಕ್ಕ ಮಾಡುವವರು, ಪ್ರಕೃತಿಯಲ್ಲ ಎಂಬುದು ಅವಳ ವಾದದ ತಿರುಳು. ಭೌತವಿಜ್ಞಾನದ ನಿಯಮಗಳು ಹೇಗೆ ಸುಳ್ಳು ಹೇಳುತ್ತವೆ ಎಂಬ ಶೀರ್ಷಿಕೆಯ ಪುಸ್ತಕದಲ್ಲಿ ಈ ಮಾತು ಬಂದದ್ದರಿಂದ ಅದು ಬಹಳ ಜನರನ್ನು ಕೆಣಕಿತು. ಹಾಗೆ ನೋಡಿದರೆ ತೂಗುದೀಪದ ಮೇಲಿನ ಫಲಿತ ಬಲ ಸೊನ್ನೆ. ಅದರ ಮೇಲೆ ಏನೂ ನಡೆಯುತ್ತಿಲ್ಲ ಎನ್ನಬೇಕಾಗುತ್ತದೆ.

ಏನೋ ನಡೆಯುತ್ತಿದೆ ಎಂಬುದಕ್ಕೆ ಸರಪಳಿಯೇ ಸಾಕ್ಷಿ. ಎರಡು ಸರಪಳಿಗಳೂ ತೊಲೆಯೊಡನೆ ಒಂದೇ ಕೋನ ಮಾಡುವಂತೆ ಕಟ್ಟಿ, ಆ ಕೋನವನ್ನು ಕಡಿಮೆ ಮಾಡುತ್ತ ಬಂದರೆ ಇದು ಸ್ಪಷ್ಟವಾಗುತ್ತದೆ. ಆಗ ಪ್ರತಿ ಸರಪಳಿಯ ಬಿಗಿತ, ತೂಕವನ್ನು ಕೋನದ ಸೈನ್‌ನ ಇಮ್ಮಡಿಯಿಂದ ಭಾಗಿಸಿದಷ್ಟು. ಸರಪಳಿಗಳು ನೆಟ್ಟಗಿದ್ದರೆ ತಲಾ 49 ನ್ಯೂಟನ್. ಕೋನ 30 ಡಿಗ್ರಿಗೆ ಇಳಿದರೆ ತಲಾ 98. 10 ಡಿಗ್ರಿಗೆ ಇಳಿದರೆ ಸುಮಾರು 282. 5 ಡಿಗ್ರಿಗೆ ಸುಮಾರು 562. 1 ಡಿಗ್ರಿಗೆ 2,800 ನ್ಯೂಟನ್‌ಗೂ ಮೇಲೆ. ಕೋನ ಸೊನ್ನೆಯಾಗಬೇಕಾದರೆ ಬಿಗಿತ ಅನಂತವಾಗಬೇಕು. ನಡುವೆ ಭಾರ ಹೊತ್ತ ಯಾವ ಹಗ್ಗವನ್ನೂ ಪೂರ್ತಿ ಸಮನಾಗಿ ಎಳೆದು ಕಟ್ಟಲು ಆಗದಿರುವುದಕ್ಕೆ ಕಾರಣ ಇದೇ. ಈ ಎಲ್ಲ ಸ್ಥಿತಿಗಳಲ್ಲೂ ದೀಪ ಅದೇ, ತೂಕ ಅದೇ, ಫಲಿತ ಬಲ ಸೊನ್ನೆಯೇ. ಆದರೆ 90 ಡಿಗ್ರಿಯಲ್ಲಿ ಹಾಯಾಗಿದ್ದ ತೆಳು ಸರಪಳಿ 5 ಡಿಗ್ರಿಯಲ್ಲಿ ತುಂಡಾಗಬಹುದು. ತುಂಡಾದದ್ದಕ್ಕೆ ಕಾರಣವನ್ನು ಸೊನ್ನೆಯಲ್ಲಿ ಹುಡುಕಿದರೆ ಸಿಗದು. ಒಂದನ್ನೊಂದು ಅಳಿಸಿಹಾಕುವ ಬಲಗಳೂ ಇಲ್ಲವಾಗುವುದಿಲ್ಲ, ಅವು ತಮ್ಮ ತಮ್ಮ ಸರಪಳಿಯಲ್ಲಿ ಪೂರ್ತಿಯಾಗಿ ಇರುತ್ತವೆ.

ಇದಕ್ಕಿಂತ ಬಲವಾದ ಸಾಕ್ಷಿಯನ್ನು ಮೂರನೆಯ ಸರಪಳಿ ಕೊಡುತ್ತದೆ. ಎರಡು ಓರೆ ಸರಪಳಿಗಳ ನಡುವೆ, ಅದೇ ಸಮತಲದಲ್ಲಿ, ನೆಟ್ಟಗಿನ ಸರಪಳಿಯೊಂದನ್ನು ಸೇರಿಸಿದರೆ ತ್ರಿಕೋನಮಿತಿ ಕೈಚೆಲ್ಲುತ್ತದೆ. ತಿಳಿಯಬೇಕಾದ ಬಿಗಿತಗಳು ಮೂರು, ಸಮತೋಲ ಕೊಡುವ ಸಮೀಕರಣಗಳು ಎರಡೇ. ನಡುವಿನ ಸರಪಳಿ ಇಡೀ ಭಾರ ಹೊತ್ತು ಪಕ್ಕದವು ಸಡಿಲವಾಗಿರಬಹುದು. ಪಕ್ಕದವು ಹೊತ್ತು ನಡುವಿನದು ಸಡಿಲವಾಗಿರಬಹುದು. ಇವೆರಡರ ನಡುವಿನ ಲೆಕ್ಕವಿಲ್ಲದಷ್ಟು ಹಂಚಿಕೆಗಳಲ್ಲಿ ಯಾವುದಾದರೂ ಆಗಿರಬಹುದು. ಎಲ್ಲವೂ ಸಮತೋಲವೇ. ಆದರೆ ಕಟ್ಟಿ ನಿಂತ ದೀಪದಲ್ಲಿ ಪ್ರತಿ ಸರಪಳಿಗೂ ಒಂದೇ ಒಂದು ನಿಶ್ಚಿತ ಬಿಗಿತ ಇರುತ್ತದೆ. ನಡುವೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಅದನ್ನು ಅಳೆಯಬಹುದು. ಆ ಬಿಗಿತ ಎಷ್ಟೆಂಬುದನ್ನು ತೀರ್ಮಾನಿಸುವುದು ಸರಪಳಿಗಳ ಉದ್ದ, ದಪ್ಪ, ಲೋಹ, ಕಟ್ಟುವಾಗ ಎಷ್ಟು ಎಳೆದು ಕಟ್ಟಿದರು ಎಂಬುದು. ಬಿಗಿತ ಲೆಕ್ಕದ ಸೌಕರ್ಯಕ್ಕೆ ಹುಟ್ಟಿದ್ದಾಗಿದ್ದರೆ, ಲೆಕ್ಕ ನಿಂತಲ್ಲಿ ಅದೂ ನಿಲ್ಲಬೇಕಿತ್ತು. ಈ ವಾದಕ್ಕೂ ಒಂದು ಎಲ್ಲೆ ಇದೆ. ಇಲ್ಲಿ ಪ್ರತಿ ಬಲಕ್ಕೂ ಅದನ್ನು ಹೊತ್ತ ಬೇರೆ ಬೇರೆ ಸರಪಳಿ ಇದೆ. ಕಾರ್ಟ್‌ರೈಟ್ ಎತ್ತಿಕೊಂಡ ಮುಖ್ಯ ಉದಾಹರಣೆಯಲ್ಲಿ ಗುರುತ್ವವೂ ವಿದ್ಯುತ್ ಬಲವೂ ಅದೇ ಎರಡು ವಸ್ತುಗಳ ನಡುವೆ ಏಕಕಾಲಕ್ಕೆ ಕೆಲಸ ಮಾಡುತ್ತವೆ. ಅಂಥ ಕಡೆ ಹೀಗೆ ಬೆರಳಿಟ್ಟು ತೋರಿಸುವುದು ಸುಲಭವಲ್ಲ.

ಜಡವಾದ ಸರಪಳಿ ತಾನು ಎಷ್ಟು ಎಳೆಯಬೇಕೆಂಬುದನ್ನು ತಿಳಿಯುವುದು ಹೇಗೆ? ಮಾಲ್‌ಬ್ರಾಂಶನಂಥವರಿಗೆ ಈ ನಿಖರತೆಯೇ ಚೇತನದ ಕೈವಾಡದ ಗುರುತಾಗಿ ಕಾಣಬಹುದಿತ್ತು. ಉತ್ತರಕ್ಕೆ ಬೇಕಾದ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ್ದ: ಸ್ಪ್ರಿಂಗಿನ ಹಿಗ್ಗು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ. ಕಬ್ಬಿಣದ ಸರಪಳಿಯೂ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ದೀಪವನ್ನು ಕೊಕ್ಕೆಗೆ ಬಿಟ್ಟ ಕ್ಷಣ ಸರಪಳಿಯ ಎಳೆತ ಸಾಲದು. ದೀಪ ಕೂದಲೆಳೆಯಷ್ಟು ಇಳಿಯುತ್ತದೆ, ಸರಪಳಿ ಹಿಗ್ಗುತ್ತದೆ, ಎಳೆತ ಹೆಚ್ಚುತ್ತದೆ. ಹೆಚ್ಚಾದಾಗ ಮೇಲಕ್ಕೆ ಜಗ್ಗುತ್ತದೆ. ಹೀಗೆ ನಡುಗಿ ನಡುಗಿ ಸಮವಾದ ಕಡೆ ನೆಲೆಗೊಳ್ಳುತ್ತದೆ. ಲೋಹದ ಪರಮಾಣುಗಳು ತಮ್ಮ ಸಹಜ ಅಂತರದಿಂದ ತುಸು ದೂರ ಸರಿದಾಗ ಅವುಗಳ ನಡುವಿನ ವಿದ್ಯುತ್ ಆಕರ್ಷಣೆ ಮರಳಿ ಎಳೆಯುವುದೇ ಬಿಗಿತ. ಇಲ್ಲಿ ತಿಳಿವಳಿಕೆಯೂ ಬೇಕಿಲ್ಲ, ಆಯ್ಕೆಯೂ ಬೇಕಿಲ್ಲ.

ಭಾರತೀಯ ದರ್ಶನಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು ವೈಶೇಷಿಕ. ಕಣಾದನ ಸೂತ್ರಗಳ ಪ್ರಕಾರ ಸಂಯೋಗ ಇಲ್ಲದಾಗ ಗುರುತ್ವದಿಂದ ಪತನವಾಗುತ್ತದೆ. ಅದೇ ದರ್ಶನದ ಪ್ರಶಸ್ತಪಾದ ಇದನ್ನು ಬಿಡಿಸಿ ಹೇಳಿದ: ಗುರುತ್ವ ಪೃಥ್ವಿ ಮತ್ತು ಜಲದ ಗುಣ, ಅದು ಪ್ರತ್ಯಕ್ಷಕ್ಕೆ ಸಿಗುವುದಿಲ್ಲ, ಬೀಳುವ ಕ್ರಿಯೆಯಿಂದ ಊಹಿಸಬೇಕಾದದ್ದು, ಸಂಯೋಗ, ಪ್ರಯತ್ನ, ಸಂಸ್ಕಾರ ಎಂಬ ಮೂರು ಅದಕ್ಕೆ ವಿರೋಧಿಗಳು. ತೊಟ್ಟಿಗೆ ಅಂಟಿದ ಹಣ್ಣು ಬೀಳದಿರುವುದು ಸಂಯೋಗದಿಂದ, ಎತ್ತಿ ಹಿಡಿದ ಕೈ ಬೀಳದಿರುವುದು ಪ್ರಯತ್ನದಿಂದ, ಬಿಟ್ಟ ಬಾಣ ಕೂಡಲೇ ಬೀಳದಿರುವುದು ವೇಗವೆಂಬ ಸಂಸ್ಕಾರದಿಂದ. ಬಲ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಹ್ಯೂಮನಿಗಿಂತ ಸಾವಿರ ವರ್ಷಕ್ಕೂ ಮೊದಲೇ ಒಪ್ಪಿಕೊಂಡು, ಅನುಮಾನ ಪ್ರಮಾಣದಿಂದ ಅದನ್ನು ಉಳಿಸಿಕೊಂಡ ಈ ನಿಲುವು ತುಂಬ ಗಟ್ಟಿಯಾದದ್ದು.

ಆದರೆ ನ್ಯೂಟನ್‌ನ ಚಿತ್ರಕ್ಕೂ ಇದಕ್ಕೂ ಆಳವಾದ ವ್ಯತ್ಯಾಸವಿದೆ. ವೈಶೇಷಿಕದಲ್ಲಿ ಸರಪಳಿಯ ಸಂಯೋಗ ಒಂದು ಪ್ರತಿಬಂಧಕ. ಅದು ಗುರುತ್ವದ ಕಾರ್ಯವನ್ನು ತಡೆಯುತ್ತದೆ, ತಾನು ಮೇಲಕ್ಕೆ ಎಳೆಯುವುದಿಲ್ಲ. ತಡೆ ಎಂಬುದು ಇರುತ್ತದೆ ಅಥವಾ ಇರುವುದಿಲ್ಲ. ಅದಕ್ಕೆ 49, 84.9 ಎಂಬ ಅಳತೆ ಹುಟ್ಟಲು ದಾರಿಯಿಲ್ಲ. ಸರಪಳಿಯ ಓರೆ ಹೆಚ್ಚಾದಂತೆ ಅದು ಮುರಿಯುವ ಸಂಭವ ಏಕೆ ಹೆಚ್ಚಾಗಬೇಕು ಎಂಬುದನ್ನು ಪ್ರತಿಬಂಧಕದ ಮಾತು ವಿವರಿಸಲಾರದು. ತಡೆಯನ್ನು ಎದುರೆಳೆತವೆಂದು ಕಂಡ ಮೇಲೆಯೇ ಕೋನಕ್ಕೂ ತ್ರಿಕೋನಮಿತಿಗೂ ಬಾಗಿಲು ತೆರೆಯುತ್ತದೆ. ಜ್ಯಾ (ಸೈನ್) ಕೋಷ್ಟಕಗಳನ್ನು ಅಷ್ಟು ನಿಖರವಾಗಿ ಕಟ್ಟಿದ ದೇಶದಲ್ಲಿ ಅವು ಗ್ರಹಗಣಿತದಲ್ಲಿ ಬಳಕೆಯಾದಷ್ಟು ಭಾರ-ಬಿಗಿತಗಳ ವಿಚಾರದಲ್ಲಿ ಬಳಕೆಯಾಗದಿರುವುದಕ್ಕೆ ಈ ನಿಲುವೂ ಒಂದು ಕಾರಣವಿರಬಹುದು.

ಪ್ರಶಸ್ತಪಾದನ ಮೂರು ವಿರೋಧಿಗಳ ಪಟ್ಟಿಯಿಂದಲೇ ಮಿಥಿಲೆಯ ಉದಯನಾಚಾರ್ಯ ಈಶ್ವರನಿದ್ದಾನೆ ಎಂಬುದಕ್ಕೆ ಒಂದು ವಾದವನ್ನು ಕಟ್ಟಿದ. 'ನ್ಯಾಯಕುಸುಮಾಂಜಲಿ'ಯ ಐದನೆಯ ಸ್ತಬಕದಲ್ಲಿ ಬರುವ ಹೇತುಗಳಲ್ಲಿ 'ಧೃತಿ', ಅಂದರೆ ಬೀಳದಂತೆ ಹಿಡಿದಿರುವುದು, ಒಂದು. ಬ್ರಹ್ಮಾಂಡಕ್ಕೆ ಗುರುತ್ವವಿದೆ, ಆದರೂ ಅದು ಬೀಳುತ್ತಿಲ್ಲ. ಆಕಾಶದಲ್ಲಿ ಹಾರುವ ಹಕ್ಕಿ ಹಿಡಿದ ಕಡ್ಡಿ ಬೀಳದಿರುವುದು ಹಕ್ಕಿಯ ಪ್ರಯತ್ನದಿಂದ. ಹಾಗೆಯೇ ಬ್ರಹ್ಮಾಂಡವನ್ನು ಹಿಡಿದಿರುವ ಪ್ರಯತ್ನವೊಂದು ಇರಬೇಕು, ಪ್ರಯತ್ನ ಚೇತನನದೇ ಆಗಿರಬೇಕು. ವಾದ ಬಿಗಿಯಾಗಿದೆ. ಬ್ರಹ್ಮಾಂಡವನ್ನು ನೇತುಹಾಕಲು ಅದರ ಹೊರಗೆ ತೊಲೆಯಿಲ್ಲ, ಆದ್ದರಿಂದ ಸಂಯೋಗದ ಉತ್ತರ ಅಲ್ಲಿ ನಡೆಯದು.

ಈ ವಾದ ನಿಂತಿರುವುದು ಒಂದೇ ಆಧಾರದ ಮೇಲೆ: ಭಾರವುಳ್ಳದ್ದು, ಹಿಡಿಯದಿದ್ದರೆ ಬಿದ್ದೇ ಬೀಳುತ್ತದೆ. ಅದನ್ನೇ ಪ್ರಶ್ನಿಸಿದವನು ಭಾಸ್ಕರಾಚಾರ್ಯ. 1150ರ 'ಸಿದ್ಧಾಂತ ಶಿರೋಮಣಿ'ಯ ಗೋಲಾಧ್ಯಾಯದಲ್ಲಿ, ಭೂಮಿಗೆ ಆಧಾರವಿದ್ದರೆ ಆ ಆಧಾರಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಬೇಕಾಗುತ್ತದೆ, ಕೊನೆಗೆ ಯಾವುದೋ ಒಂದು ತನ್ನ ಶಕ್ತಿಯಿಂದಲೇ ನಿಂತಿದೆ ಎನ್ನಲೇಬೇಕು, ಆ ಮಾತನ್ನು ಭೂಮಿಯ ಬಗ್ಗೆಯೇ ಏಕೆ ಹೇಳಬಾರದು ಎಂದು ಅವನು ಕೇಳಿದ. ಆಕರ್ಷಣ ಶಕ್ತಿಯಿರುವುದು ಭೂಮಿಗೆ, ಭಾರವಾದವುಗಳನ್ನು ಅದು ತನ್ನೆಡೆಗೆ ಸೆಳೆಯುವುದೇ ಬೀಳುವಿಕೆಯಾಗಿ ಕಾಣುತ್ತದೆ, ಸುತ್ತಲೂ ಸಮನಾದ ಆಕಾಶದಲ್ಲಿ ಭೂಮಿ ಬೀಳುವುದಾದರೂ ಎಲ್ಲಿಗೆ ಎಂದೂ ಕೇಳಿದ. ತೂಗುದೀಪದಿಂದ ಹೊರಟ ಆಧಾರದ ಸಾಲನ್ನು ಹಿಡಿದು ಹೋದರೆ ಈ ಮಾತಿನ ತೂಕ ತಿಳಿಯುತ್ತದೆ. ಸರಪಳಿಯನ್ನು ಹಿಡಿದಿರುವುದು ತೊಲೆ, ತೊಲೆಯನ್ನು ಕಂಬ, ಕಂಬವನ್ನು ನೆಲ, ನೆಲವನ್ನು ಕೆಳಗಿನ ಬಂಡೆ. ಬಂಡೆಯ ಕೆಳಗೆ ಇನ್ನಷ್ಟು ಬಂಡೆ. ಭೂಮಿಯ ನಡುವಿನಲ್ಲಿ ಈ ಸಾಲು ಎದುರು ಬದಿಯಿಂದ ಬಂದ ಇನ್ನೊಂದು ಸಾಲನ್ನು ಸಂಧಿಸುತ್ತದೆ; ಎಲ್ಲ ದಿಕ್ಕುಗಳ ಒತ್ತಡ ಒಂದನ್ನೊಂದು ತಾಳಿಕೊಳ್ಳುತ್ತದೆ. ಇಡೀ ಭೂಮಿಗೆ ಆಧಾರ ಬೇಕಿಲ್ಲ. ಅದು ಸೂರ್ಯನ ಸುತ್ತ ನಿರಂತರವಾಗಿ ಬೀಳುತ್ತಲೇ ಇದೆ.

ಲೆಕ್ಕದ ಮೂರು ಬಾಣಗಳಲ್ಲಿ ಅತ್ಯಂತ ನಿಸ್ಸಂಶಯವಾಗಿ ಕಂಡದ್ದು ತೂಕ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅಲುಗಾಡಿದ್ದು ಅದೇ ಬಾಣ. ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿದ್ದ ಐನ್‌ಸ್ಟೈನ್‌ಗೆ 1907ರಲ್ಲಿ, ಬೀಳುತ್ತಿರುವವನಿಗೆ ತನ್ನ ತೂಕದ ಅನುಭವವೇ ಇರುವುದಿಲ್ಲ ಎಂಬುದು ಹೊಳೆಯಿತು. 1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ ಅದು ಪೂರ್ಣ ರೂಪ ಪಡೆಯಿತು. ಅದರ ಪ್ರಕಾರ ಗುರುತ್ವ ಒಂದು ಬಲವಲ್ಲ. ಬೀಳುವ ವಸ್ತುವೇ ಯಾವ ಬಲವೂ ಇಲ್ಲದೆ ದೇಶಕಾಲದಲ್ಲಿ ತನ್ನ ಸಹಜ ದಾರಿಯನ್ನು ಹಿಡಿದಿರುವುದು. ನೇತಾಡುವ ವಸ್ತುವನ್ನು ಆ ದಾರಿಯಿಂದ ಸರಪಳಿಗಳು ಸತತವಾಗಿ ಮೇಲಕ್ಕೆ ತಿರುಗಿಸುತ್ತಿವೆ. ಮೊಬೈಲ್ ಫೋನಿನೊಳಗಿನ ವೇಗೋತ್ಕರ್ಷ ಮಾಪಕ ಇದನ್ನೇ ತೋರಿಸುತ್ತದೆ: ದಾರದಿಂದ ತೂಗಿಬಿಟ್ಟಾಗ ಮೇಲ್ಮುಖವಾಗಿ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್, ದಾರ ಕತ್ತರಿಸಿ ಬೀಳುವಾಗ ಸೊನ್ನೆ. ಕೆಳಗಿನ ಬಾಣವನ್ನು ಅಳಿಸಿದರೂ 49, 84.9 ಎಂಬ ಉತ್ತರಗಳು ಬದಲಾಗುವುದಿಲ್ಲ. ಎರಡು ಬಿಗಿತಗಳು ಕೂಡಿ ಮೇಲಕ್ಕೆ ಕೊಡುವ 98 ನ್ಯೂಟನ್ ಈಗ ತೂಕವನ್ನು ಸರಿದೂಗಿಸುವ ಬದಲು 10 ಕಿಲೋಗ್ರಾಂ ದೀಪಕ್ಕೆ ಆ ಮೇಲ್ಮುಖ ವೇಗೋತ್ಕರ್ಷವನ್ನು ಕೊಡುತ್ತದೆ.

ಉದಯನನ ಧೃತಿವಾದದ ಆಧಾರಕ್ಕೆ ಇದರಿಂದ ನೇರವಾದ ಪೆಟ್ಟು ಬೀಳುತ್ತದೆ. ಬೀಳುವುದಕ್ಕೆ ಕಾರಣ ಬೇಕು, ಬೀಳದಿರುವುದಕ್ಕೆ ತಡೆ ಬೇಕು ಎಂಬ ಜೋಡಿಯಲ್ಲಿ ಮೊದಲನೆಯದೇ ಉಳಿಯಲಿಲ್ಲ. ಮಾಲ್‌ಬ್ರಾಂಶನ ನಿಲುವು ಹಾಗಲ್ಲ. ಸರಪಳಿಯ ಹಿಗ್ಗು, ಪರಮಾಣುಗಳ ಆಕರ್ಷಣೆ, ದೇಶಕಾಲದ ಬಾಗು, ಎಲ್ಲವೂ ದೇವರ ಕ್ರಿಯೆಯ ಕ್ರಮವೇ ಎಂದು ಅವನು ಹೇಳಬಹುದು. ಯಾವ ಮಾಪಕವೂ ಅದನ್ನು ಅಲ್ಲಗಳೆಯಲಾರದು. ಆದರೆ ಹಾಗೆ ಹೇಳುವವರು ಪ್ರತಿ ಸರಪಳಿಯ ಬಿಗಿತವನ್ನು ಬೇರೆ ಬೇರೆಯಾಗಿಯೇ ಎಣಿಸಬೇಕಾಗುತ್ತದೆ, ಮೂರು ಸರಪಳಿಗಳ ದೀಪದಲ್ಲಿ ಲೋಹದ ಗುಣವನ್ನು ಕೇಳಿಯೇ ಉತ್ತರ ಕೊಡಬೇಕಾಗುತ್ತದೆ, ಸರಪಳಿ ಯಾವ ಕೊಂಡಿಯಲ್ಲಿ ತುಂಡಾಗುತ್ತದೆ ಎಂಬುದಕ್ಕೆ ಆ ಕೊಂಡಿಯನ್ನೇ ಪರೀಕ್ಷಿಸಬೇಕಾಗುತ್ತದೆ.